ಹೆಬ್ಬೆಟ್ಟಿನ ಸಾಕ್ಷಿ

ನಮ್ಮ ಕಡೆ 'ಹೆಬ್ಬೆಟ್ಟು' ಎಂಬ ಮಾತಿಗೆ ಇಂದಿಗೂ ಒಂದು ತಾತ್ಸಾರದ ಅರ್ಥವಿದೆ. ಓದುಬರಹ ಬಾರದವನನ್ನು 'ಅವನು ಬರೀ ಹೆಬ್ಬೆಟ್ಟು' ಎಂದು ಹಗುರವಾಗಿ ಆಡುವುದುಂಟು. ಆದರೆ ಕಲಿತವನ ಸಹಿಯನ್ನು ಇನ್ನೊಬ್ಬ ಅನುಕರಿಸಬಹುದು, ಹೆಬ್ಬೆಟ್ಟಿನ ಗೆರೆಗಳನ್ನು ಹಾಗೆ ಅನುಕರಿಸಲಾಗದು. ತಾಯಿಯ ಗರ್ಭದಲ್ಲಿಯೇ ಮೂಡುವ ಆ ಗೆರೆಗಳು ಮುಪ್ಪಿನವರೆಗೂ ವಿನ್ಯಾಸ ಬದಲಿಸುವುದಿಲ್ಲ. ತದ್ರೂಪಿ ಅವಳಿಗಳಲ್ಲಿಯೂ ಅವು ಒಂದೇ ಆಗಿರುವುದಿಲ್ಲ.

ಬೆರಳಚ್ಚು, ಡಿಎನ್‌ಎ ಎಂದೊಡನೆ ಕಳ್ಳನನ್ನು, ಕೊಲೆಗಾರನನ್ನು ಹಿಡಿಯುವ ಬಲೆ ಎಂದೇ ನಾವು ಭಾವಿಸುತ್ತೇವೆ. ಅದು ನಿಜ. ಆದರೆ ಅವುಗಳ ಇನ್ನೂ ದೊಡ್ಡ ಉಪಕಾರವೆಂದರೆ ನಿರಪರಾಧಿಯನ್ನು ಬಿಡಿಸುವುದು ಎಂಬುದು ನನ್ನ ಅಭಿಪ್ರಾಯ. ಆ ಉಪಕಾರ ದೊರೆಯುವುದು, ಸಾಕ್ಷ್ಯವನ್ನು ಹೊತ್ತು ತರುವ ಕೈಗಳು ಶುದ್ಧವಾಗಿದ್ದಾಗ ಮಾತ್ರ.

ಈ ವಿದ್ಯೆ ಬಹುಮಟ್ಟಿಗೆ ಬೆಳೆದದ್ದು ನಮ್ಮ ನೆಲದಲ್ಲಿಯೇ. 1858ರಲ್ಲಿ ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್, ಗುತ್ತಿಗೆದಾರನೊಬ್ಬ ಮುಂದೆ ಮಾತು ತಪ್ಪದಿರಲೆಂದು ಕರಾರುಪತ್ರದ ಮೇಲೆ ಅವನ ಅಂಗೈಯ ಮುದ್ರೆಯನ್ನೇ ಒತ್ತಿಸಿಕೊಂಡರು. ಸಾವಿರಾರು ಬೆರಳಚ್ಚುಗಳ ನಡುವೆ ಬೇಕಾದುದನ್ನು ಹುಡುಕಿ ತೆಗೆಯುವ ವರ್ಗೀಕರಣವನ್ನು ರೂಪಿಸಲು ಕಲ್ಕತ್ತೆಯಲ್ಲಿ ಶ್ರಮಿಸಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಹೆಸರು ಬಂದದ್ದು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿ ಸ್ಥಾಪನೆಯಾಯಿತು. ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಅದೇ ಪದ್ಧತಿಯನ್ನು ಸ್ವೀಕರಿಸಿದ್ದು 1901ರಲ್ಲಿ.

ಆ ದಿನಗಳಲ್ಲಿಯೇ ಜಲ್ಪಾಯ್‌ಗುರಿಯ ಚಹಾ ತೋಟದ ವ್ಯವಸ್ಥಾಪಕನೊಬ್ಬನ ಕೊಲೆಯಾಯಿತು. ಅಡುಗೆಯವನೂ ಸೇರಿದಂತೆ ಹಲವರ ಮೇಲೆ ಸಂಶಯ ಬಿತ್ತು. ಆದರೆ ಅಲ್ಲಿ ಸಿಕ್ಕಿದ ಪಂಚಾಂಗವೊಂದರ ಮೇಲಿದ್ದ ರಕ್ತದ ಗುರುತು, ಹಿಂದೆ ಕಳ್ಳತನಕ್ಕಾಗಿ ಸೆರೆಮನೆ ಕಂಡಿದ್ದ ಹಳೆಯ ಸೇವಕನ ಹೆಬ್ಬೆರಳಿನದೆಂದು ಸಿದ್ಧವಾಯಿತು. 1898ರಲ್ಲಿ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು, ಕಳ್ಳತನಕ್ಕೆ ಮಾತ್ರ, ಕೊಲೆಗಲ್ಲ. ಬೆರಳಚ್ಚು 'ಇವನು ಇದನ್ನು ಮುಟ್ಟಿದ' ಎಂದಷ್ಟೇ ಹೇಳಬಲ್ಲದು, 'ಇವನೇ ಕೊಂದ' ಎಂದು ಹೇಳಲಾರದು. ಈ ವಿವೇಚನೆ ಮೊದಲ ದಿನಗಳಿಂದಲೇ ಇತ್ತೆಂಬುದು ಗಮನಿಸಬೇಕಾದ ಸಂಗತಿ.

ಡಿಎನ್‌ಎಯ ಕಥೆ ಇನ್ನೂ ಮನಮುಟ್ಟುವಂಥದು. ರಕ್ತ, ಜೊಲ್ಲು, ಕೂದಲಿನ ಬುಡ, ಹೀಗೆ ದೇಹದ ಯಾವ ಕಣದಲ್ಲಿಯೂ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದ ಈ ಬರಹವಿರುತ್ತದೆ. ಅದನ್ನು ಗುರುತಿನ ಚೀಟಿಯಂತೆ ಓದಬಹುದೆಂದು 1984ರಲ್ಲಿ ಕಂಡುಕೊಂಡವರು ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್. ಆ ಊರಿನ ಸಮೀಪದಲ್ಲಿ 1983 ಮತ್ತು 1986ರಲ್ಲಿ ಇಬ್ಬರು ಹದಿಹರೆಯದ ಹುಡುಗಿಯರ ಕೊಲೆಯಾಗಿತ್ತು. ಹದಿನೇಳು ವರ್ಷದ ಹುಡುಗನೊಬ್ಬ ಪೊಲೀಸರ ಮುಂದೆ ಎರಡನೆಯ ಕೊಲೆಯನ್ನು ಒಪ್ಪಿಕೊಂಡಿದ್ದ. ಪರೀಕ್ಷೆ ಬೇರೆಯೇ ಹೇಳಿತು: ಎರಡೂ ಕೃತ್ಯ ಒಬ್ಬನದೇ, ಆದರೆ ಅವನು ಈ ಹುಡುಗನಲ್ಲ! ಬಳಿಕ ಸುಮಾರು 5,000 ಗಂಡಸರ ಮಾದರಿ ಸಂಗ್ರಹಿಸಲಾಯಿತು. ಕಾಲಿನ್ ಪಿಚ್‌ಫೋರ್ಕ್ ಎಂಬವನು ತನ್ನ ಬದಲು ಸಹೋದ್ಯೋಗಿಯನ್ನು ಕಳುಹಿಸಿ ತಪ್ಪಿಸಿಕೊಂಡಿದ್ದ. ಆ ಮೋಸ ಬಯಲಾಗಿ 1988ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ವಿಜ್ಞಾನ ಮೊದಲು ಮಾಡಿದ ಕೆಲಸ ಆ ಹುಡುಗನನ್ನು ಬಿಡಿಸಿದ್ದು, ಕೊಲೆಗಾರ ಸಿಕ್ಕಿದ್ದು ಆಮೇಲೆ.

ಹೆದರಿದ ಮನುಷ್ಯ ಮಾಡದ ತಪ್ಪನ್ನೂ ಒಪ್ಪಿಕೊಳ್ಳುತ್ತಾನೆ. ತರಗತಿಯಲ್ಲಿ ಬೆತ್ತ ಹಿಡಿದು ನಿಂತ ಯಾವ ಮೇಷ್ಟರಿಗೂ ಇದು ಗೊತ್ತಿರುವ ವಿಷಯವೇ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸಲು ನಮ್ಮ ಕಾನೂನು ಬಿಡದಿರುವುದು ಸರಿಯಾಗಿಯೇ ಇದೆ.

ಹಾಗೆಂದು ಪ್ರಯೋಗಾಲಯದ ಕಾಗದವೂ ವೇದವಾಕ್ಯವಲ್ಲ. 2004ರ ಮ್ಯಾಡ್ರಿಡ್ ರೈಲು ಸ್ಫೋಟದಲ್ಲಿ ದೊರೆತ ಬೆರಳಚ್ಚು ತಮ್ಮ ದೇಶದ ವಕೀಲರೊಬ್ಬರದೆಂದು ಅಮೆರಿಕದ ಎಫ್‌ಬಿಐ ತಜ್ಞರು ನಿರ್ಧರಿಸಿದರು, ಅವರನ್ನು ಬಂಧಿಸಿಯೂ ಆಯಿತು. ಅದು ಬೇರೊಬ್ಬನದೆಂದು ಸ್ಪೇನಿನ ಪೊಲೀಸರು ತೋರಿಸಿದ ಮೇಲೆ ಎಫ್‌ಬಿಐ ಕ್ಷಮೆ ಕೇಳಬೇಕಾಯಿತು. 'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬ ನಮ್ಮ ಹಿರಿಯರ ಮಾತು ತಜ್ಞರಿಗೂ ಅನ್ವಯಿಸುತ್ತದೆ.

ನಮ್ಮಲ್ಲಿಯೂ ಒಂದು ನಿದರ್ಶನವಿದೆ. 2012ರಲ್ಲಿ ದೆಹಲಿಯ ಯುವತಿಯೊಬ್ಬಳ ಮೇಲೆ ಅತ್ಯಾಚಾರವೆಸಗಿ ಕೊಂದ ಪ್ರಕರಣದಲ್ಲಿ ಮೂವರಿಗೆ ಮರಣದಂಡನೆಯಾಗಿತ್ತು. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಬಿಡುಗಡೆ ಮಾಡಿತು. ಸಂಗ್ರಹಿಸಿದ ಮಾದರಿಗಳು ಪ್ರಯೋಗಾಲಯಕ್ಕೆ ಹೋಗುವ ಮುನ್ನ ಹಲವು ದಿನ ಠಾಣೆಯಲ್ಲಿಯೇ ಉಳಿದಿದ್ದುದೂ, ಡಿಎನ್‌ಎ ವರದಿಯ ಆಧಾರವನ್ನು ಕೆಳಗಿನ ನ್ಯಾಯಾಲಯಗಳು ಪರಿಶೀಲಿಸದಿದ್ದುದೂ ಕಾರಣಗಳಲ್ಲಿ ಸೇರಿದ್ದವು. ಅವರು ಅಪರಾಧಿಗಳಾಗಿದ್ದರೆ ಆ ತಂದೆತಾಯಿಗೆ ನ್ಯಾಯ ತಪ್ಪಿತು. ನಿರಪರಾಧಿಗಳಾಗಿದ್ದರೆ ವರ್ಷಗಟ್ಟಲೆ ನೇಣಿನ ನೆರಳಿನಲ್ಲಿ ಬದುಕಿದರು. ಯಾವುದು ನಿಜವಾದರೂ ಅನ್ಯಾಯವೇ.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂದು ವಿಧಿಸಿದೆ. ಅದನ್ನು ಜಾರಿಗೊಳಿಸಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶವಿದೆ. ನಿಯಮ ಸ್ವಾಗತಾರ್ಹ. ಆದರೆ ತಜ್ಞರನ್ನು ನೇಮಿಸದೆ, ಪೇದೆಗೆ ತರಬೇತಿ ಕೊಡದೆ ನಿಯಮ ಮಾತ್ರ ಬರೆದಿಟ್ಟರೆ ಅದು ಕಾಗದದ ಮೇಲಿನ ಕಬ್ಬಾಗುತ್ತದೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಪೊಲೀಸ್ ಇಲಾಖೆ ಸೇರಿದವರಿದ್ದೀರಿ, ವಕೀಲರಾದವರೂ ಇದ್ದೀರಿ. ಲಕೋಟೆಗೆ ಮೊಹರು ಹಾಕುವುದು, ದಿನಾಂಕ ಬರೆಯುವುದು, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂದು ನಮೂದಿಸುವುದು ಗುಮಾಸ್ತಿಕೆಯೆಂದು ಬೇಸರಪಡಬೇಡಿ. ನಿಮಗೆಂದೂ ಪರಿಚಯವಿಲ್ಲದ ಯಾರೋ ಒಬ್ಬನ ಪ್ರಾಣ ಆ ಒಂದು ಸಾಲಿನ ಮೇಲೆ ನಿಂತಿರಬಹುದು. ಉಳಿದ ನಾವು, ಪತ್ರಿಕೆಯಲ್ಲಿ 'ಆರೋಪಿ ತಪ್ಪೊಪ್ಪಿಕೊಂಡ' ಎಂದು ಓದಿದ ಕೂಡಲೇ ತೀರ್ಪು ಕೊಡದಿದ್ದರೆ ಸಾಕು.