ಕಳ್ಳ ಅವರನ್ನೇ ಯಾಕೆ ಹಿಡಿದ?

ಊರಲ್ಲಿ ಯಾರಾದ್ರೂ ಸೈಬರ್ ವಂಚನೆಗೆ ಸಿಕ್ಕಿ ದುಡ್ಡು ಕಳ್ಕೊಂಡ್ರೆ ನಾವು ಮೊದಲು ಅನ್ನೋದು, "ಅಷ್ಟೂ ಬುದ್ಧಿ ಬೇಡ್ವಾ?" ಎಂಜಿನಿಯರಿಂಗ್ ಓದುವವರಾಗಿ ನಾವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಕಳ್ಳನಿಗೆ ಅವರೇ ಹೇಗೆ ಸಿಕ್ಕಿದರು?

ನೈಜೀರಿಯಾದ ಹೆಸರಲ್ಲಿ ಬರುವ ವಂಚನೆಯ ಇಮೇಲ್‌ಗಳು ನಂಬಲಾಗದಷ್ಟು ಪೆದ್ದಾಗಿರೋದು ಯಾಕೆ ಅಂತ ಮೈಕ್ರೋಸಾಫ್ಟ್ ರಿಸರ್ಚ್‌ನ ಕಾರ್ಮಕ್ ಹರ್ಲಿ 2012ರಲ್ಲಿ ಒಂದು ಪ್ರಬಂಧ ಬರೆದರು. ಮೇಲ್ ಕಳಿಸೋಕೆ ಖರ್ಚಿಲ್ಲ, ಉತ್ತರ ಕೊಟ್ಟವರ ಬೆನ್ನು ಹತ್ತೋಕೆ ಸಮಯ ಬೇಕು. ಅನುಮಾನ ಪಡುವವರು ಮೊದಲೇ ಕಳಚಿಕೊಂಡರೆ ಕಳ್ಳನಿಗೇ ಲಾಭ. ಅಂದರೆ ಆ ಮೇಲ್ ಒಂದು ಜರಡಿ.

ಜರಡಿಯಲ್ಲಿ ಉಳಿಯೋರು ಪೆದ್ದರೇ ಆಗಬೇಕಿಲ್ಲ. ಗುಂಡ್ಲುಪೇಟೆ ಕಡೆ ಅರಿಶಿನ, ಬಾಳೆ, ಚೆಂಡುಹೂ ಬೆಳೆಯುವವರು ಪಿಎಂ ಕಿಸಾನ್‌ನ 2,000 ರೂಪಾಯಿ ಕಂತಿಗೆ ಕಾಯ್ತಿರ್ತಾರೆ. ಅದೇ ಹೆಸರಿನ ಎಪಿಕೆ ಫೈಲ್ ವಾಟ್ಸ್ಆ್ಯಪ್‌ಗೆ ಬಂದರೆ ಒತ್ತಿಬಿಡ್ತಾರೆ. ಇನ್‌ಸ್ಟಾಲ್ ಆದ ಆ್ಯಪ್ ಮೆಸೇಜ್ ಓದುತ್ತೆ, ಒಟಿಪಿ ಕಳ್ಳನ ಕೈ ಸೇರುತ್ತೆ. ಪ್ಲೇಸ್‌ಮೆಂಟ್ ಹೆಸರಲ್ಲಿ ಲಿಂಕ್ ಬಂದರೆ ನಾವೂ ಒತ್ತೋರೇ ಅಲ್ವಾ?

ಏನೂ ಒತ್ತದೆ ಕಳ್ಕೊಂಡವರೂ ಇದ್ದಾರೆ. 2023ರಲ್ಲಿ ಬೆಂಗಳೂರಿನಲ್ಲಿ ಬೆಳಕಿಗೆ ಬಂದ ಪ್ರಕರಣಗಳಲ್ಲಿ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ನಕಲು ಮಾಡಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆದಿದ್ದರು. ಒಟಿಪಿಯೇ ಬೇಕಾಗಲಿಲ್ಲ. ಅಲ್ಲಿ ಯಾರ ದಡ್ಡತನ ಹುಡುಕೋಣ?

ಬೈಯೋದರಿಂದ ಆಗುವ ನಷ್ಟ ದೊಡ್ಡದು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮುಂಚೆ 1930ಕ್ಕೆ ಫೋನ್ ಮಾಡಿದರೆ ತಡೆಹಿಡಿಯುವ ಸಾಧ್ಯತೆ ಇರುತ್ತೆ. "ಮನೇಲಿ ಏನಂತಾರೋ" ಅಂತ ಎರಡು ದಿನ ಸುಮ್ಮನಿದ್ದರೆ ಆ ಸಾಧ್ಯತೆಯೂ ಕೈತಪ್ಪುತ್ತೆ.

ಎಲ್ಲಿಂದಲೋ ಇಳಿಸಿಕೊಂಡ ಡೇಟಾಸೆಟ್ ಮೇಲೆ ಫೈನಲ್ ಇಯರ್ ಪ್ರಾಜೆಕ್ಟ್ ಮಾಡಿದ್ದು ಸಾಕು. ಚಾಮರಾಜನಗರದ ಸಿಇಎನ್ ಠಾಣೆಯ ನೆರವು ಕೇಳಿ, ಯಾರ ಹೆಸರನ್ನೂ ಬರೆದುಕೊಳ್ಳದೆ, ಹಣ ಕಳೆದುಕೊಂಡವರನ್ನೇ ವಿಚಾರಿಸೋಣ: ಆಗ ನೀವು ಯಾವುದಕ್ಕೆ ಕಾಯ್ತಿದ್ರಿ? ಫೋನ್ ಮಾಡಿದವನಿಗೆ ನಿಮ್ಮ ಬಗ್ಗೆ ಏನೇನು ಗೊತ್ತಿತ್ತು? ಆ ಉತ್ತರಗಳು ಕೈಗೆ ಬಂದರೆ ಮುಂದಿನ ಕಂತಿಗೆ ಮೊದಲೇ ತೆರಕಣಾಂಬಿ ಮಾರುಕಟ್ಟೆಯಲ್ಲಿ ನಿಂತು ಎಚ್ಚರಿಸಬಹುದು. ಅಲ್ಲೇ ಎಂಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡೋದನ್ನೂ ಹೇಳಿಕೊಡಬಹುದು.

ಆದರೆ ಕಳ್ಕೊಂಡವರು ನಮ್ಮ ಹತ್ರ ಬಾಯಿ ಬಿಡಬೇಕಲ್ಲ? ಅದಕ್ಕೆ ಮೊದಲು ನಾವು ನಗೋದು ನಿಲ್ಲಿಸಬೇಕು.