ಪುಸ್ತಕದ ರೂಪವೂ ಮಾತಾಡಲಿ

ಕಲಾವಿದರು ಕೈಯಿಂದ ಮಾಡುವ ಪುಸ್ತಕವೆಂದರೆ ಪರದೇಶದ ಶೋಕಿ ಎನ್ನುವವರು ನಮ್ಮ ಹಳೆಯ ಕಡತವನ್ನೊಮ್ಮೆ ನೋಡಬೇಕು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದು, ಒಣಗಿಸಿ, ಹಿಂದೆಮುಂದೆ ಮಡಿಕೆ ಹಾಕಿ ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕವದು. ಶೃಂಗೇರಿ ಮಠದ ಹಳೆಯ ದಾಖಲೆಗಳು ಇಂಥ ಕಡತಗಳಲ್ಲಿ ಉಳಿದಿವೆ. ಕಡತದಲ್ಲಿ ಬರೆಯುವ ಲೆಕ್ಕ ಬದಲಾಗುತ್ತಲೇ ಇರುತ್ತದೆ, ಹಾಗಾಗಿ ಅಳಿಸಿ ಬರೆಯಬಹುದಾದ ಹಾಳೆ. ಹಿಂದಿನ ಬಾಬತ್ತನ್ನು ಮುಂದಿನದರ ಪಕ್ಕದಲ್ಲೇ ತಾಳೆ ನೋಡಲು ಬಿಚ್ಚಿಕೊಳ್ಳುವ ಮಡಿಕೆ. ಒಳಗಿನ ವಿಷಯಕ್ಕೆ ಒಪ್ಪುವ ರೂಪ. 1913ರಲ್ಲಿ ಪ್ಯಾರಿಸಿನ ಕವಿ ಬ್ಲೇಸ್ ಸಾಂದ್ರಾರ್ ಮತ್ತು ಚಿತ್ರಕಲಾವಿದೆ ಸೋನಿಯಾ ದೆಲೊನೆ ಸೈಬೀರಿಯಾದ ರೈಲುಪಯಣದ ಕವಿತೆಯನ್ನು ಸುಮಾರು 2 ಮೀಟರ್ ಉದ್ದ ಬಿಚ್ಚುವ ಮಡಿಕೆಯ ಹಾಳೆಯಲ್ಲಿ ತಂದಾಗ ಮಾಡಿದ್ದೂ ಇದನ್ನೇ.

ಕೈಯಿಂದ ಮಾಡಿದ ಹತ್ತಿಪ್ಪತ್ತು ಪ್ರತಿಗಳಿಂದ ಯಾರಿಗೆ ಲಾಭ, ಖರ್ಚೂ ಜಾಸ್ತಿ ಎಂಬ ಆಕ್ಷೇಪವಿದೆ. ಆದರೆ ಇದು ಅಚ್ಚಿನ ಪುಸ್ತಕಕ್ಕೆ ಬದಲಿಯಲ್ಲ. ದುಬಾರಿಯೂ ಆಗಬೇಕಿಲ್ಲ, ಕಡತವಂತೂ ದಿನಬಳಕೆಯ ವಸ್ತುವೇ ಆಗಿತ್ತು. ಸಾಮಗ್ರಿಯೂ ಊರಲ್ಲೇ ಇದೆ. ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಗೊನೆ ಕಡಿದ ಮೇಲೆ ಉಳಿಯುವ ಬಾಳೆದಿಂಡಿನ ನಾರನ್ನು ಬೇಯಿಸಿ, ಕುಟ್ಟಿ, ನೀರಿನಲ್ಲಿ ಕಲಸಿ ಜಾಲರಿಯಲ್ಲಿ ಎತ್ತಿದರೆ ಒರಟು ಕಾಗದವಾಗುತ್ತದೆ. ಆ ಬೆಳೆಯ ಕಥೆಯನ್ನು, ಬೆಳೆದವರ ಮಾತನ್ನು ಅದೇ ನಾರಿನ ಹಾಳೆಯ ಮೇಲೆ ಬರೆದರೆ ಬೆರಳಿಗೂ ಓದು ಸಿಗುತ್ತದೆ. ಮೊಬೈಲ್ ಪರದೆ ಅದನ್ನು ಕೊಡಲಾರದು. ಕಲಬುರಗಿಯ ಚಿತ್ರಕಲಾ ಕಾಲೇಜುಗಳು, ಕಮಲಾಪುರ ತಾಲೂಕಿನ ಶಾಲೆಗಳು ಈ ವರ್ಷವೇ ಇಂಥದೊಂದು ಪುಸ್ತಕ ಮಾಡಿಸಲಿ.