ನುಚ್ಚಿನುಂಡೆಯನ್ನು ದೂರುವವರಿಗೆ

ನುಚ್ಚಿನುಂಡೆ ಎಂದರೆ ನನಗೆ ಪ್ರಾಣ. ಇಡ್ಲಿ ಪಾತ್ರೆಯ ಮುಚ್ಚಳದ ಸಂದಿಯಿಂದ ಸಬ್ಬಸಿಗೆ ಸೊಪ್ಪಿನ ಘಮ ಹೊರಟಿತೆಂದರೆ ಫೋನು ಎಷ್ಟು ಬಡಿದುಕೊಂಡರೂ ಒಲೆಯ ಮುಂದಿನಿಂದ ಕದಲುವವಳಲ್ಲ ನಾನು. ಇದು ನಮ್ಮ ಬಳಗಕ್ಕೆಲ್ಲ ಗೊತ್ತು. ಅದಕ್ಕೇ ಇರಬೇಕು, ನಾಮಕರಣಕ್ಕೆ ಹೋದರೂ ಆರತಕ್ಷತೆಗೆ ಹೋದರೂ ಯಾರಾದರೊಬ್ಬರು ಪಕ್ಕದಲ್ಲಿ ಕೂತು ನುಚ್ಚಿನುಂಡೆಯ ಮೇಲೆ ದೂರು ಶುರುಮಾಡುತ್ತಾರೆ. ಊಟದೆಲೆಯ ಮುಂದೆ ವಾದ ಮಾಡಲು ಆಗುವುದಿಲ್ಲವಾದ್ದರಿಂದ ಇಲ್ಲಿ ಉತ್ತರ ಕೊಡುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ನಮ್ಮನೆಯ ನುಚ್ಚಿನುಂಡೆಯ ಒಳಗೂ ಇಲ್ಲ, ಪಕ್ಕದಲ್ಲೂ ಇಲ್ಲ, ಹಾಲು ಮೊಸರು ತುಪ್ಪ. ಅರ್ಧ ಜಗಳ ಇರುವುದೇ ಅಲ್ಲಿ.

ಎಲ್ಲರ ಬಾಯಲ್ಲೂ ಮೊದಲು ಬರುವ ದೂರು, ಅದು ಒಣಕಲು, ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು. ಗಂಟಲಿನಲ್ಲಿ ಸಿಕ್ಕಿಕೊಳ್ಳುವ ನುಚ್ಚಿನುಂಡೆ ಇದೆ, ನಾನೂ ತಿಂದಿದ್ದೇನೆ. ಆದರೆ ತಪ್ಪು ಎಲ್ಲಾಯಿತು ಎಂದು ಆ ಅಡುಗೆಮನೆಗೆ ಹೋಗಿ ನೋಡಿ. ಬೇಳೆಯನ್ನು ಅರ್ಧ ಗಂಟೆ ನೆನೆಸಿ ಅವಸರದಲ್ಲಿ ತೆಗೆದಿರುತ್ತಾರೆ. ಮಿಕ್ಸಿ ತಿರುಗಲಿಲ್ಲವೆಂದು ನೀರು ಹಾಕಿ ನುಣ್ಣಗೆ ಅರೆದಿರುತ್ತಾರೆ. ಹಿಟ್ಟು ತೆಳ್ಳಗಾಯಿತೆಂದು ಅಕ್ಕಿ ಹಿಟ್ಟು ಸುರಿದು, ಅಂಗೈಯಲ್ಲಿ ಬಲವಾಗಿ ಒತ್ತಿ, ಕಲ್ಲಿನಂತೆ ಗಟ್ಟಿಮಾಡಿ ಬೇಯಲು ಇಟ್ಟಿರುತ್ತಾರೆ. ಆಮೇಲೆ ದೂರು ನುಚ್ಚಿನುಂಡೆಯ ಮೇಲೆ.

ಸರಿಯಾದ ಕ್ರಮ ಹೀಗೆ. ಎರಡು ಪಾಲು ತೊಗರಿಬೇಳೆಗೆ ಒಂದು ಪಾಲು ಕಡಲೆಬೇಳೆ, ಎರಡರಿಂದ ಮೂರು ಗಂಟೆ ನೆನೆಯಬೇಕು. ಉಗುರಿನಿಂದ ಒತ್ತಿದರೆ ಕಾಳು ಪಟ್ಟೆಂದು ಮುರಿಯಬೇಕು. ನೀರನ್ನು ಪೂರ್ತಿ ಬಸಿದು, ಜಾಲರಿಯಲ್ಲಿ ಹತ್ತು ನಿಮಿಷ ಬಿಡಬೇಕು. ಹಸಿಮೆಣಸಿನಕಾಯಿ, ಶುಂಠಿ, ಉಪ್ಪು, ಇಂಗಿನ ಜೊತೆ ಹನಿ ನೀರೂ ಹಾಕದೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿದರೆ ರವೆಯ ತರಿ ಸಿಗಬೇಕು, ಅಲ್ಲಲ್ಲಿ ಒಂದು ಇಡೀ ಬೇಳೆಯೂ ಕಾಣಬೇಕು. ಆಮೇಲೆ ಧಾರಾಳವಾಗಿ ತೆಂಗಿನ ತುರಿ, ಸಣ್ಣಗೆ ಹೆಚ್ಚಿದ ಒಂದು ಕಟ್ಟು ಸಬ್ಬಸಿಗೆ, ಕರಿಬೇವು. ಉಂಡೆ ಕಟ್ಟುವಾಗ ಒತ್ತಬಾರದು. ಬೆರಳುಗಳನ್ನು ಸುಮ್ಮನೆ ಮಡಿಚಿ ಬಿಟ್ಟರೆ ಮೊಟ್ಟೆಯಾಕಾರ ತಾನಾಗಿ ಬರುತ್ತದೆ, ಬೆರಳಿನ ಗುರುತೂ ಉಳಿಯುತ್ತದೆ. ತರಿತರಿಯ ಸಂದುಗಳಲ್ಲಿ ಆವಿ ನುಗ್ಗಿದಾಗಲೇ ಒಳಗೆ ಮೆತ್ತಗಾಗುವುದು. ತೆಂಗಿನ ಜಿಡ್ಡು, ಸೊಪ್ಪಿನ ನೀರು ಎರಡೂ ಸೇರಿ ಅದನ್ನು ಹಸಿಯಾಗಿಡುತ್ತವೆ. ಹನ್ನೆರಡರಿಂದ ಹದಿನೈದು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಬೇಯಿಸಿದರೆ ಮೇಲೆ ಬಿರುಕು ಬಿಡುತ್ತದೆ, ಒಣಗುತ್ತದೆ. ಹೀಗೆ ಮಾಡಿದ್ದನ್ನು ಬಿಸಿಯಿರುವಾಗ ಮುರಿದು ಬಾಯಿಗಿಟ್ಟವರು ನೀರು ಕೇಳಿದ್ದನ್ನು ನಾನು ಕಂಡಿಲ್ಲ. ಇನ್ನೊಂದು ಕೇಳಿದ್ದನ್ನು ಕಂಡಿದ್ದೇನೆ.

ಭಾವನವರ ತಕರಾರು ಬೇರೆ. “ಅಲ್ಲಮ್ಮ, ಇಷ್ಟೆಲ್ಲ ಕಷ್ಟಪಟ್ಟು ಹಿಟ್ಟು ಮಾಡ್ಕೊಂಡಿದೀಯ, ಅದನ್ನೇ ತಟ್ಟಿ ಎಣ್ಣೆಗೆ ಬಿಟ್ಟಿದ್ರೆ ಅಂಬೊಡೆ ಆಗ್ತಿತ್ತಲ್ಲ!” ಅಂಬೊಡೆಯ ಮೇಲೆ ನನಗೆ ದ್ವೇಷವಿಲ್ಲ, ಹಬ್ಬದ ಎಲೆಯಲ್ಲಿ ಅದಕ್ಕೆ ಅದರ ಜಾಗವಿದೆ. ಆದರೆ ಕರಿಯುವ ಎಣ್ಣೆ 170–180 ಡಿಗ್ರಿ ಕಾದಿರುತ್ತದೆ. ಅದರಲ್ಲಿ ಬಿದ್ದ ಹಿಟ್ಟಿನ ಮೈ ಕೆಂಪಗಾಗಿ ಗರಿಗರಿಯಾಗುತ್ತದೆ, ನಾಲಿಗೆಗೆ ಮೊದಲು ಸಿಗುವುದು ಆ ಗರಿಯ ರುಚಿ, ಎಣ್ಣೆಯ ರುಚಿ. ಇಡ್ಲಿ ಪಾತ್ರೆಯ ಆವಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಸಬ್ಬಸಿಗೆ ಸಬ್ಬಸಿಗೆಯಾಗಿಯೇ ಸಿಗುತ್ತದೆ, ತೊಗರಿ ತೊಗರಿಯಾಗಿಯೇ. ಇನ್ನು ನಾಲ್ಕು ಅಂಬೊಡೆ ತಿಂದ ಮೇಲೆ ಭಾವನವರು ಸೋಫಾದಿಂದ ಏಳುವುದು ಸಂಜೆಗೆ. ನಾಲ್ಕು ನುಚ್ಚಿನುಂಡೆ ತಿಂದ ದಿನ ಅವರೇ ಮಾರ್ಕೆಟ್ಟಿಗೆ ಹೋಗಿ ತರಕಾರಿ ತಂದುಕೊಟ್ಟಿದ್ದಾರೆ. ಅಕ್ಕ ಸಾಕ್ಷಿ.

ಅತ್ತೆಯ ದೂರು ಎಲ್ಲಕ್ಕಿಂತ ತೂಕದ್ದು, ಏಕೆಂದರೆ ನುಚ್ಚಿನುಂಡೆ ಕಟ್ಟಲು ಕಲಿಸಿದವರೇ ಅವರು. “ತುಪ್ಪ ಇಲ್ದೆ ನುಚ್ಚಿನುಂಡೆ ಬಡಿಸ್ತಾರೇನೇ? ಮಜ್ಜಿಗೆ ಹುಳಿನೂ ಇಲ್ಲ!” ಹಳೇ ಮೈಸೂರಿನ ಮನೆಗಳಲ್ಲಿ ಅದರ ಜೋಡಿ ಮಜ್ಜಿಗೆ ಹುಳಿಯೇ, ಒಪ್ಪುತ್ತೇನೆ. ಆದರೆ ಅತ್ತೆ, ಉಂಡೆಯೊಳಗೆ ನೀವು ಹಾಕಲು ಹೇಳಿಕೊಟ್ಟ ಒಂದೊಂದೇ ಸಾಮಾನನ್ನು ನೆನಪಿಸಿಕೊಳ್ಳಿ. ಅದರಲ್ಲಿ ಹಸುವಿನದು ಯಾವುದಿದೆ? ತುಪ್ಪ ಬರುವುದು ಬೆಂದು ತಟ್ಟೆಗೆ ಇಳಿದ ಮೇಲೆ. ಹುಳಿ ಬೇಕೆಂಬುದು ನ್ಯಾಯವಾದ ಮಾತು, ಬೇಳೆಗೆ ಹುಳಿ ಸೇರಲೇಬೇಕು. ಹುಣಸೆಹಣ್ಣಿನ ಗೊಜ್ಜು ಅದನ್ನು ಕೊಡುತ್ತದೆ. ಯುಗಾದಿಯ ಸುಮಾರಿಗೆ ಮಾವಿನಕಾಯಿ ಹಾಕಿ ಅರೆದ ಕಾಯಿ ಚಟ್ನಿ ಇನ್ನೂ ಚೆನ್ನಾಗಿ ಕೊಡುತ್ತದೆ. ಜಿಡ್ಡಿಗೆ ಗಾಣದ ಕಡಲೆಕಾಯಿ ಎಣ್ಣೆ ಒಂದು ಚಮಚ, ಹಸಿಯಾಗಿಯೇ. ಹಾಲು ಕರುವಿನ ಪಾಲು ಎಂದು ನನ್ನ ಮನಸ್ಸಿಗೆ ಬಂದ ಮೇಲೆ ತುಪ್ಪದ ಬಟ್ಟಲು ನನ್ನ ತಟ್ಟೆಯಿಂದ ದೂರವಾಯಿತು. ಅದರ ಜೊತೆಗೆ ನುಚ್ಚಿನುಂಡೆಯನ್ನೂ ಬಿಡಬೇಕಾಗಿ ಬರಲಿಲ್ಲವಲ್ಲ, ಆ ಸಮಾಧಾನ ನನಗೆ ದೊಡ್ಡದು.

ವೀಗನ್ ಎನ್ನುವುದು ಹೊರಗಿನಿಂದ ಬಂದ ಖಯಾಲಿ ಎನ್ನುವವರಿಗೆ ಹೆಚ್ಚು ಹೇಳುವುದಿಲ್ಲ. ವೀಗನ್ ಸೊಸೈಟಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1944ರಲ್ಲಿ, ನಿಜ. ನಮ್ಮ ಅಡುಗೆಯೆಲ್ಲ ಮೊದಲಿನಿಂದ ಹಾಗೇ ಇತ್ತು ಎಂದು ನಾನು ಹೇಳುವುದೂ ಇಲ್ಲ. ಧಾರವಾಡದ ಪೇಡ, ಮೈಸೂರು ಪಾಕ್ ಇಟ್ಟುಕೊಂಡು ಹಾಗೆ ಹೇಳುವುದು ಹೇಗೆ? ಆದರೆ ತೊಗರಿ ಕಲಬುರಗಿಯ ಹೊಲದ್ದು, ಅಲ್ಲಿಯ ತೊಗರಿಬೇಳೆಗೆ 2019ರಲ್ಲಿ ಜಿಐ ಮಾನ್ಯತೆಯೂ ಸಿಕ್ಕಿದೆ. ತೆಂಗಿನಕಾಯಿ ತಿಪಟೂರಿನ ಕಡೆಯದು. ಸೊಪ್ಪು ಬೀದಿಯ ತಿರುವಿನ ಗಾಡಿಯದು. ಇದರಲ್ಲಿ ಹೊರಗಿನದು ಯಾವುದು ಎಂದು ತೋರಿಸಲಿ.

ಜಿಮ್ಮಿಗೆ ಹೋಗುವ ನಾದಿನಿಯ ಮಗ ಪ್ರೋಟೀನ್ ಲೆಕ್ಕ ಕೇಳುತ್ತಾನೆ. ತಗೋ ಲೆಕ್ಕ. 100 ಗ್ರಾಂ ಒಣ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್, ಕಡಲೆಬೇಳೆಯದೂ ಹೆಚ್ಚುಕಡಿಮೆ ಅಷ್ಟೇ. ಮಧ್ಯಮ ಗಾತ್ರದ ನಾಲ್ಕು ಉಂಡೆಗೆ ಐವತ್ತು ಗ್ರಾಂ ಬೇಳೆ ಹಿಡಿಯುತ್ತದೆ, ಎಂದರೆ 11 ಗ್ರಾಂ. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ದೇಹತೂಕದ ಕಿಲೋಗೆ 0.83 ಗ್ರಾಂ ಬೇಕು. 65 ಕಿಲೋ ತೂಗುವವನಿಗೆ 54 ಗ್ರಾಂ. ಅದರಲ್ಲಿ ಐದನೇ ಒಂದು ಭಾಗ ಬೆಳಗಿನ ತಿಂಡಿಯಲ್ಲೇ ಬಂತು. ಬೇಳೆಯಲ್ಲಿ ಮೆಥಿಯೋನಿನ್ ಕಡಿಮೆ ಎಂಬುದು ಅವನ ಮುಂದಿನ ಬಾಣ. ಸರಿಯೇ, ಆದರೆ ಅನ್ನದಲ್ಲಿ ಅದು ಇದೆ, ಅನ್ನದಲ್ಲಿ ಕಡಿಮೆಯಿರುವ ಲೈಸಿನ್ ಬೇಳೆಯಲ್ಲಿದೆ. ಮಧ್ಯಾಹ್ನ ಅನ್ನ ಉಂಡರೆ ಲೆಕ್ಕ ಚುಕ್ತಾ. ಅವನು ಬ್ಯಾಗಿನಲ್ಲಿಟ್ಟುಕೊಂಡು ಓಡಾಡುವ ಬಾರ್‌ನ ಹಿಂಬದಿಯನ್ನು ಓದಿ ನೋಡಿದೆ, ಮೊದಲ ಸಾಲಿನಲ್ಲೇ ಹಾಲಿನ ಪುಡಿ ಇದೆ.

ವಾಯು ಎನ್ನುವವರ ಮಾತನ್ನು ತಳ್ಳಿಹಾಕುವುದಿಲ್ಲ. ಬೇಳೆಯಲ್ಲಿ ರಾಫಿನೋಸ್, ಸ್ಟ್ಯಾಕಿಯೋಸ್ ಎಂಬ ಸಕ್ಕರೆಗಳಿವೆ. ನಮ್ಮ ಸಣ್ಣ ಕರುಳು ಅವನ್ನು ಜೀರ್ಣಿಸಲಾರದು, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವನ್ನು ತಿಂದು ಗಾಳಿ ಮಾಡುತ್ತವೆ. ನೆನೆಸಿದಾಗ ಅವುಗಳಲ್ಲಿ ಒಂದಷ್ಟು ನೀರಿಗೆ ಬಿಡುತ್ತದೆ. ಆದ್ದರಿಂದ ಆ ನೀರನ್ನು ಚೆಲ್ಲಿ, ಹಿಟ್ಟಿಗೆ ಸೇರಿಸಬೇಡಿ. ಶುಂಠಿ, ಇಂಗು, ಸಬ್ಬಸಿಗೆ ಮೂರನ್ನೂ ಹಿರಿಯರು ಹೊಟ್ಟೆ ಹಗುರಾಗಲೆಂದೇ ಜೊತೆ ಮಾಡಿದ್ದಾರೆ. ಅಷ್ಟಾದರೂ ಒಗ್ಗದಿದ್ದರೆ ಕಡಲೆಬೇಳೆಯ ಪಾಲು ತೆಗೆದು ಹೆಸರುಬೇಳೆ ಹಾಕಿ, ಎರಡಕ್ಕೇ ನಿಲ್ಲಿಸಿ. ಏಳು ತಿಂದು ಬಂದು ನನ್ನ ಹತ್ತಿರ ದೂರು ಹೇಳಿದರೆ ನಾನು ಕೇಳುವುದಿಲ್ಲ.

ಕೊನೆಗೆ, ಮಿಕ್ಕರೆ ಮಾರನೆಯ ದಿನಕ್ಕೆ ಆಗುವುದಿಲ್ಲ ಎಂಬ ದೂರು. ಇದನ್ನು ಹೇಳುವವರು ಮಿಕ್ಕಿದ್ದನ್ನು ಎಸೆಯುತ್ತಾರೇನೋ ಎಂದು ನನಗೆ ನಿಜವಾಗಿ ಸಂಕಟವಾಗುತ್ತದೆ. ಫ್ರಿಜ್ಜಿನಿಂದ ತೆಗೆದು ಕೈಯಲ್ಲಿ ಪುಡಿಮಾಡಿ. ಬಾಣಲೆಗೆ ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹಾಕಿ, ಬೇಯಿಸಿದ ಹುರುಳಿಕಾಯಿಯ ಜೊತೆ ಅದನ್ನು ಸಣ್ಣ ಉರಿಯಲ್ಲಿ ಹುರಿಯಿರಿ. ಬಿಸಿ ಅನ್ನಕ್ಕೆ ಕಲಸಿ, ನಿಂಬೆಹಣ್ಣು ಹಿಂಡಿ. ನಮ್ಮನೆಯಲ್ಲಿ ಇದಕ್ಕಾಗಿಯೇ ಹಿಂದಿನ ದಿನ ನಾಲ್ಕು ಉಂಡೆ ಹೆಚ್ಚಿಗೆ ಬೇಯುತ್ತವೆ. ಅವನ್ನು ಅತ್ತೆಯ ಕಣ್ಣಿಗೆ ಬೀಳದಂತೆ ಡಬ್ಬಿಗೆ ಹಾಕಿಡುವುದೊಂದೇ ಕಷ್ಟ, ಏಕೆಂದರೆ ರಾತ್ರಿ ಅವರು ಅವನ್ನು ತುಪ್ಪವಿಲ್ಲದೆಯೇ ತಿನ್ನುತ್ತಾರೆ.